ಮದುವೆ ಆಲ್ಬಂಗೆ ಎಂಥ ಮಾನಿಟರ್?

ಈಚಿನ ಮದುವೆ ಆಲ್ಬಂಗಳನ್ನು ಬಿಡಿಸಿಟ್ಟರೆ ಒಂದೊಂದು ಶೀಟ್ ಹನ್ನೆರಡು ಇಂಚು ಎತ್ತರ, ಮೂವತ್ತಾರು ಇಂಚು ಅಗಲ. ಸ್ಟುಡಿಯೊದವರ ಮಾತಿನಲ್ಲಿ ಇದು ‘ಟ್ವೆಲ್ವ್ ಥರ್ಟಿಸಿಕ್ಸ್’. 300 ಡಿಪಿಐ ಲೆಕ್ಕದಲ್ಲಿ ಫೋಟೊಶಾಪ್‌ನಲ್ಲಿ ಇಂಥ ಒಂದು ಶೀಟ್ ತೆರೆದರೆ ಅಗಲ 10,800 ಪಿಕ್ಸೆಲ್, ಎತ್ತರ 3,600 ಪಿಕ್ಸೆಲ್. ಎಡಕ್ಕೆ ಧಾರೆಯ ದೊಡ್ಡ ಚಿತ್ರ, ಬಲಕ್ಕೆ ಅರಿಶಿನ ಶಾಸ್ತ್ರದ ನಾಲ್ಕು ಚಿಕ್ಕವು, ನಡುವಿನ ಮಡಿಕೆಗೆ ಯಾರ ಮುಖವೂ ಸಿಕ್ಕಿಕೊಳ್ಳದಂತೆ ಒಂದಿಷ್ಟು ಜಾಗ. ಇದನ್ನೆಲ್ಲ ಜೋಡಿಸುವವರು ದಿನವಿಡೀ ಕಣ್ಣಿಟ್ಟು ನೋಡುವುದು ಎದುರಿನ ಮಾನಿಟರನ್ನು. ಕ್ಯಾಮೆರಾ, ಲೆನ್ಸ್, ಗಿಂಬಲ್, ಡ್ರೋನ್ ಎಲ್ಲ ಕೊಂಡಾದ ಮೇಲೆ ಕೈಯಲ್ಲಿ ಉಳಿದ ದುಡ್ಡಿಗೆ ಬಂದದ್ದು ಹೆಚ್ಚಾಗಿ ಆ ಮಾನಿಟರ್.

ಅದರ ಫಲ ಆಲ್ಬಂ ಮನೆಗೆ ಬಂದ ದಿನ ಕಾಣುತ್ತದೆ. ಹುಡುಗಿಯ ತಾಯಿ ಸೀರೆಯನ್ನೇ ತಂದು ಫೋಟೊದ ಪಕ್ಕ ಹಿಡಿಯುತ್ತಾರೆ. ರಾಣಿ ಬಣ್ಣದ ಸೀರೆ ಕೆಂಪಾಗಿದೆ, ಮುಖಗಳು ಕಪ್ಪಿಟ್ಟಿವೆ, ಜರಿ ಮಂಕಾಗಿದೆ. ಸ್ಟುಡಿಯೊದವರು ಲ್ಯಾಬ್‌ನವರನ್ನು ದೂರುತ್ತಾರೆ. ಲ್ಯಾಬ್‌ನವರು ‘ನೀವು ಕಳಿಸಿದ ಫೈಲ್‌ನಲ್ಲಿ ಇದ್ದದ್ದೇ ಬಂದಿದೆ’ ಎನ್ನುತ್ತಾರೆ. ಬಹಳಷ್ಟು ಸಲ ಲ್ಯಾಬ್‌ನವರ ಮಾತೇ ಸರಿ. ಫೈಲ್‌ನಲ್ಲಿ ಇದ್ದ ಬಣ್ಣವನ್ನು ಮಾನಿಟರ್ ಬೇರೆಯಾಗಿ ತೋರಿಸಿತು, ಎಡಿಟ್ ಮಾಡಿದವರು ಆ ತಪ್ಪು ಬಣ್ಣವನ್ನು ತಿದ್ದಲು ಹೋಗಿ ಸರಿಯಾಗಿದ್ದುದನ್ನೇ ಕೆಡಿಸಿದರು.

ಹಾಗೆಂದು ಬಣ್ಣ ನಂಬಬಹುದಾದ ಮಾನಿಟರ್‌ಗೆ ಲಕ್ಷ ರೂಪಾಯಿ ಸುರಿಯಬೇಕಿಲ್ಲ. ಸುಮಾರು ಹದಿನೈದರಿಂದ ಮೂವತ್ತು ಸಾವಿರ ರೂಪಾಯಿಯೊಳಗೆ ಇವತ್ತು ಸಿಗುವ ಮಾನಿಟರ್‌ಗಳು ಮದುವೆ ಆಲ್ಬಂಗೆ, ಯೂಟ್ಯೂಬ್ ವಿಡಿಯೊಗೆ, ಜಾಹೀರಾತು ಫೋಟೊಗೆ ಧಾರಾಳವಾಗಿ ಸಾಕು. ತೊಡಕು ಇರುವುದು ಡಬ್ಬದ ಮೇಲಿನ ಅಂಕಿಗಳಲ್ಲಿ. 165 ಹರ್ಟ್ಸ್, 1 ಮಿಲಿಸೆಕೆಂಡ್, ಎಚ್‌ಡಿಆರ್ 10, ಕರ್ವ್ಡ್ ಎಂದು ದೊಡ್ಡ ಅಕ್ಷರದಲ್ಲಿ ಇರುವುದರಲ್ಲಿ ಹೆಚ್ಚಿನವು ಗೇಮ್ ಆಡುವವರಿಗೆ. ಎಡಿಟಿಂಗ್‌ಗೆ ಬೇಕಾದ ಸಂಗತಿ ಸ್ಪೆಸಿಫಿಕೇಷನ್ ಪಟ್ಟಿಯ ಕೆಳಗೆಲ್ಲೋ ಒಂದು ಸಾಲಿನಲ್ಲಿ ಇರುತ್ತದೆ.

ಆ ಸಾಲು ಎಸ್‌ಆರ್‌ಜಿಬಿಯದು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸೇರಿ ರೂಪಿಸಿದ ಬಣ್ಣದ ಮಾನದಂಡ ಇದು. ಕಂಪ್ಯೂಟರ್ ಪರದೆಯ ಕೆಂಪು ಎಂದರೆ ಎಷ್ಟು ಕೆಂಪು, ಹಸಿರು ಎಂದರೆ ಯಾವ ಹಸಿರು, ಬಿಳಿ ಎಂದರೆ ಯಾವ ಬಿಳಿ ಎಂಬುದನ್ನು ಇದು ಗೊತ್ತುಮಾಡುತ್ತದೆ. 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಗಿಯೂ ಅಂಗೀಕಾರ ಪಡೆಯಿತು. ಹೈ ಡೆಫಿನಿಷನ್ ಟಿವಿಯ ರೆಕ್ 709 ಎಂಬ ಮಾನದಂಡದ ಕೆಂಪು, ಹಸಿರು, ನೀಲಿಗಳೂ ಇವೇ. ಅಂದರೆ ಎಸ್‌ಆರ್‌ಜಿಬಿಯನ್ನು ಪೂರ್ತಿಯಾಗಿ, ನಿಖರವಾಗಿ ತೋರಿಸುವ ಮಾನಿಟರ್ ಫೋಟೊಗೂ ಆಯಿತು, ವಿಡಿಯೊಗೂ ಆಯಿತು. ಆಲ್ಬಂ ಲ್ಯಾಬ್‌ಗಳು ಕೂಡ ಸಾಮಾನ್ಯವಾಗಿ ಎಸ್‌ಆರ್‌ಜಿಬಿಯ ಜೆಪೆಗ್ ಫೈಲನ್ನೇ ಕೇಳುತ್ತವೆ.

ಇನ್ನು ಡಬ್ಬದ ಮೇಲೆ ಇದನ್ನು ಬರೆಯುವ ರೀತಿ. ‘ಶೇ 99 ಎಸ್‌ಆರ್‌ಜಿಬಿ’ ಎಂದು ನೇರವಾಗಿ ಬರೆದಿದ್ದರೆ ಒಳ್ಳೆಯದು. ಕೆಲವರು ‘ಶೇ 72 ಎನ್‌ಟಿಎಸ್‌ಸಿ’ ಎಂದು ಬರೆಯುತ್ತಾರೆ. ಎನ್‌ಟಿಎಸ್‌ಸಿ ಎನ್ನುವುದು 1953ರಲ್ಲಿ ಅಮೆರಿಕ ತನ್ನ ಕಲರ್ ಟಿವಿಗೆ ಒಪ್ಪಿಕೊಂಡ ಬಣ್ಣದ ವ್ಯಾಪ್ತಿ. ಅದರ ವಿಸ್ತೀರ್ಣದಲ್ಲಿ ಶೇ 72ರಷ್ಟು ಎಂದರೆ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿಯಷ್ಟು. ಹಾಗಾಗಿ 72 ಎಂಬ ಅಂಕಿ ನೋಡಿ ಹೆದರಬೇಕಿಲ್ಲ. ಹೆದರಬೇಕಾದದ್ದು ‘ಶೇ 45 ಎನ್‌ಟಿಎಸ್‌ಸಿ’ ಎಂಬ ಬರಹ ಕಂಡಾಗ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಹೆಚ್ಚು. ಅಂಥ ಪರದೆ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗದಷ್ಟನ್ನೂ ದಾಟದು. ಕುಂಕುಮದ ಕೆಂಪು ಅದರಲ್ಲಿ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಎಡಿಟರ್ ಕೆಂಪನ್ನು ಏರಿಸುತ್ತಾರೆ, ಪ್ರಿಂಟ್‌ನಲ್ಲಿ ಅದು ರಾಚುತ್ತದೆ. ಲ್ಯಾಪ್‌ಟಾಪ್ ಪರದೆಯ ಮೇಲೇ ಇಡೀ ಆಲ್ಬಂ ಬಣ್ಣ ತಿದ್ದುವವರು ಮೊದಲು ನೋಡಬೇಕಾದದ್ದು ಇದನ್ನೇ.

‘1.67 ಕೋಟಿ ಬಣ್ಣ’ ಎಂಬ ಜಾಹೀರಾತಿಗೂ ಈ ವ್ಯಾಪ್ತಿಗೂ ಸಂಬಂಧವಿಲ್ಲ. ಕೆಂಪು, ಹಸಿರು, ನೀಲಿ ಒಂದೊಂದರಲ್ಲೂ 256 ಮೆಟ್ಟಿಲುಗಳಿದ್ದರೆ 256ನ್ನು ಮೂರು ಸಲ ಗುಣಿಸಿ ಬರುವ ಲೆಕ್ಕ ಅದು. ಇದನ್ನೇ 8 ಬಿಟ್ ಎನ್ನುವುದು. ಬಣ್ಣದ ವ್ಯಾಪ್ತಿ ಎಷ್ಟು ದೂರ ಹೋಗುತ್ತದೆ ಎಂಬುದು ಒಂದು, ಆ ದೂರದಲ್ಲಿ ಎಷ್ಟು ಮೆಟ್ಟಿಲುಗಳಿವೆ ಎಂಬುದು ಇನ್ನೊಂದು. ಕೆಲವು ಅಗ್ಗದ ಪ್ಯಾನೆಲ್‌ಗಳಲ್ಲಿ ನಿಜಕ್ಕೂ ಇರುವುದು 6 ಬಿಟ್, ಅಂದರೆ 64 ಮೆಟ್ಟಿಲು. ಉಳಿದವನ್ನು ಎರಡು ಛಾಯೆಗಳ ನಡುವೆ ಪಿಕ್ಸೆಲ್ಲನ್ನು ವೇಗವಾಗಿ ಬದಲಿಸುತ್ತ ಕಣ್ಣಿಗೆ ಇದ್ದಂತೆ ತೋರಿಸುತ್ತಾರೆ. ಎಫ್‌ಆರ್‌ಸಿ ಎಂದು ಇದರ ಹೆಸರು. ಆರತಕ್ಷತೆಯ ವೇದಿಕೆಯ ನೀಲಿ ಬೆಳಕು ಮೇಲಿಂದ ಕೆಳಕ್ಕೆ ನಿಧಾನವಾಗಿ ಕಪ್ಪಾಗುವ ಕಡೆ ಇಂಥ ಪರದೆಯಲ್ಲಿ ಪಟ್ಟೆ ಪಟ್ಟೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಪಟ್ಟೆ ಫೈಲ್‌ನಲ್ಲಿದೆಯೋ ಪರದೆಯಲ್ಲಿದೆಯೋ ಗೊತ್ತಾಗದೆ ಎಡಿಟರ್ ಗಂಟೆಗಟ್ಟಲೆ ಒದ್ದಾಡುವುದುಂಟು. ಮದುವೆಯ ಕೆಲಸಕ್ಕೆ ಅಪ್ಪಟ 8 ಬಿಟ್ ಸಾಕು. 10 ಬಿಟ್ ಬೇಕಾಗುವುದು ಎಚ್‌ಡಿಆರ್ ವಿಡಿಯೊ ತಯಾರಿಸಿ ಕೊಡುವವರಿಗೆ.

ಎಸ್‌ಆರ್‌ಜಿಬಿಗಿಂತ ಅಗಲವಾದ ವ್ಯಾಪ್ತಿಯ ಮಾನಿಟರ್ ಕೊಂಡರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಸಿನಿಮಾ ಪ್ರೊಜೆಕ್ಟರ್‌ಗಳಿಗೆಂದು ಹುಟ್ಟಿದ ಪಿ3 ವ್ಯಾಪ್ತಿ ಈಗ ಮೊಬೈಲ್‌ಗೂ ಬಂದಿದೆ. ಆಪಲ್ 2016ರ ಐಫೋನ್ 7ರಿಂದ ಅದನ್ನೇ ಬಳಸುತ್ತಿದೆ. ‘ಶೇ 95 ಡಿಸಿಐ ಪಿ3’ ಎಂದು ಬರೆದ ಮಾನಿಟರ್‌ಗಳೂ ಈಗ ಕೈಗೆಟಕುವ ಬೆಲೆಗೆ ಸಿಗುತ್ತವೆ. ಆದರೆ ವಿಂಡೋಸ್‌ನಲ್ಲಿ ಒಂದು ತೊಂದರೆಯಿದೆ. ಬಣ್ಣದ ಪ್ರೊಫೈಲ್ ಓದಲು ಬಾರದ ಸಾಫ್ಟ್‌ವೇರ್‌ನಲ್ಲಿ ಎಸ್‌ಆರ್‌ಜಿಬಿ ಫೋಟೊ ತೆರೆದರೆ ಮಾನಿಟರ್ ಅದನ್ನು ತನ್ನ ಅಗಲಕ್ಕೆ ಎಳೆದು ತೋರಿಸುತ್ತದೆ. ಮುಖಗಳೆಲ್ಲ ಬಿಸಿಲಿಗೆ ಕೆಂಪಡರಿದಂತೆ, ಹುಲ್ಲು ರೇಡಿಯಂ ಹಸಿರಿನಂತೆ ಕಾಣುತ್ತದೆ. ಅದನ್ನು ನಂಬಿ ಬಣ್ಣ ಇಳಿಸಿದರೆ ಪ್ರಿಂಟ್ ಬೂದಿ ಬಡಿದಂತೆ ಬರುತ್ತದೆ. ಇಂಥ ಮಾನಿಟರ್ ಕೊಳ್ಳುವುದಾದರೆ ಅದರ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇರಲೇಬೇಕು, ಆ ಮೋಡ್‌ನಲ್ಲಿದ್ದಾಗಲೂ ಬ್ರೈಟ್‌ನೆಸ್ ಬದಲಿಸಲು ಬಿಡಬೇಕು. ಎಷ್ಟೋ ಮಾನಿಟರ್‌ಗಳು ಆ ಮೋಡ್‌ಗೆ ಹಾಕಿದ ಕೂಡಲೇ ಬ್ರೈಟ್‌ನೆಸ್‌ಗೆ ಬೀಗ ಹಾಕಿಬಿಡುತ್ತವೆ. ಅಂಗಡಿಯಲ್ಲೇ ಗುಂಡಿ ಒತ್ತಿ ನೋಡಬೇಕಾದ ಸಂಗತಿ ಇದು, ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ.

ಪ್ಯಾನೆಲ್‌ನ ವಿಚಾರದಲ್ಲಿ ಹೆಚ್ಚು ಚರ್ಚೆ ಬೇಡ. ಹಿಟಾಚಿ ಕಂಪನಿ 1996ರಲ್ಲಿ ಪೇಟೆಗೆ ತಂದ ಐಪಿಎಸ್ ತಂತ್ರಜ್ಞಾನವೇ ಎಡಿಟಿಂಗ್‌ಗೆ ಮೊದಲ ಆಯ್ಕೆ. ಓರೆಯಿಂದ ನೋಡಿದರೂ ಅದರಲ್ಲಿ ಬಣ್ಣ ಹೆಚ್ಚು ಬದಲಾಗದು. ಸ್ಟುಡಿಯೊದಲ್ಲಿ ಇದು ದಿನನಿತ್ಯದ ಅಗತ್ಯ: ಎಡಿಟರ್ ನೇರಕ್ಕೆ ಕೂತಿರುತ್ತಾರೆ, ಮದುಮಗ ಹೆಗಲ ಮೇಲಿಂದ ಬಾಗಿ ನೋಡುತ್ತಾನೆ, ಅವನ ಅಕ್ಕ ಪಕ್ಕದ ಕುರ್ಚಿಯಿಂದ. ಮೂವರಿಗೂ ಒಂದೇ ಬಣ್ಣ ಕಾಣಬೇಕು. ಹಳೆಯ ಟಿಎನ್ ಪ್ಯಾನೆಲ್‌ನಲ್ಲಿ ತಲೆ ಸ್ವಲ್ಪ ತಗ್ಗಿಸಿದರೂ ಚಿತ್ರ ಕಪ್ಪಾಗುತ್ತದೆ. ವಿಎ ಪ್ಯಾನೆಲ್‌ನ ಕಪ್ಪು ಮಾತ್ರ ಐಪಿಎಸ್‌ಗಿಂತ ಗಾಢ. ಸಾಮಾನ್ಯ ಐಪಿಎಸ್‌ನ ಕಾಂಟ್ರಾಸ್ಟ್ 1000:1ರ ಆಸುಪಾಸು, ವಿಎಯದು 3000:1. ಸಿನಿಮಾ ನೋಡಲು ಇದು ಹಿತ. ಆದರೆ ಕಣ್ಣಿನ ಕೋನ ಬದಲಾದಂತೆ ಕಪ್ಪು ಕೋಟಿನ, ಕೂದಲಿನ ಒಳವಿವರಗಳು ಒಮ್ಮೆ ಕಾಣುತ್ತವೆ, ಒಮ್ಮೆ ಅಳಿಸಿಹೋಗುತ್ತವೆ. ಅಗಲ ಪರದೆಯ ಎರಡೂ ತುದಿ ಕಣ್ಣಿಗೆ ಓರೆಯಾಗಿಯೇ ಇರುವುದರಿಂದ ಅಲ್ಲಿ ಈ ತೊಂದರೆ ಹೆಚ್ಚು.

ಈಗ ಅಗಲದ ಮಾತು. ಇವತ್ತಿನ ಬಹುಪಾಲು ಮಾನಿಟರ್‌ಗಳ ಆಕಾರ 16:9. 1980ರ ದಶಕದಲ್ಲಿ ಅಮೆರಿಕದ ಸಿನಿಮಾ ಮತ್ತು ಟಿವಿ ಎಂಜಿನಿಯರುಗಳ ಸಂಘದ ಕೆರ್ನ್ಸ್ ಪವರ್ಸ್ ಎಂಬ ಎಂಜಿನಿಯರ್, ಆಗ ಬಳಕೆಯಲ್ಲಿದ್ದ ಎಲ್ಲ ಸಿನಿಮಾ ಆಕಾರಗಳನ್ನೂ ಒಂದೇ ವಿಸ್ತೀರ್ಣದ ಆಯತಗಳಾಗಿಸಿ ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲವನ್ನೂ ಒಳಗೊಳ್ಳುವ ಹೊರ ಚೌಕಟ್ಟೂ ಎಲ್ಲದರಲ್ಲೂ ಸಮಾನವಾಗಿರುವ ಒಳ ಚೌಕಟ್ಟೂ ಹತ್ತಿರ ಹತ್ತಿರ 16:9 ಆಗಿ ಬಂದವು. ಟಿವಿಗೆ ಹೊಂದಿದ ಈ ರಾಜಿಯ ಆಕಾರ ಆಮೇಲೆ ಕಂಪ್ಯೂಟರ್ ಮೇಜಿಗೂ ಬಂತು. ಟೈಮ್‌ಲೈನ್ ಎಳೆದು ಕೆಲಸ ಮಾಡುವವರಿಗೆ, 12×36 ಶೀಟ್ ಜೋಡಿಸುವವರಿಗೆ ಅದಕ್ಕಿಂತ ಅಗಲ ಬೇಕೆನಿಸುವುದು ಸಹಜ. ಅದಕ್ಕೇ 21:9ರ ಅಲ್ಟ್ರಾವೈಡ್ ಮಾನಿಟರ್‌ಗಳ ಕಡೆ ಕಣ್ಣು ಹೋಗುತ್ತದೆ.

ಅಲ್ಟ್ರಾವೈಡ್ ಕೊಳ್ಳುವಾಗ ಇಂಚು ನೋಡಿ ಮೋಸ ಹೋಗುವವರು ಬಹಳ. ಮಾನಿಟರ್‌ನ ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳೆದ ಉದ್ದ. 34 ಇಂಚಿನ ಅಲ್ಟ್ರಾವೈಡ್‌ನ ಎತ್ತರ ಸುಮಾರು 13 ಇಂಚು, ಅಂದರೆ ಮಾಮೂಲಿ 27 ಇಂಚಿನ ಮಾನಿಟರ್‌ನಷ್ಟೇ ಎತ್ತರ. ಅಗಲದಲ್ಲಿ ಮಾತ್ರ ಎಂಟು ಇಂಚಿನಷ್ಟು ಹೆಚ್ಚು. 29 ಇಂಚಿನದರ ಎತ್ತರವಂತೂ 23 ಇಂಚಿನ ಮಾನಿಟರ್‌ನಷ್ಟೇ. 24 ಇಂಚಿನದನ್ನು ಮಾರಿ ‘ಇನ್ನೂ ದೊಡ್ಡದು’ ಎಂದು 29 ಇಂಚಿನ ಅಲ್ಟ್ರಾವೈಡ್ ತಂದವರಿಗೆ ಪರದೆ ಕುಳ್ಳಗಾದಂತೆ ಕಾಣುವುದು ಇದರಿಂದಲೇ.

ಇನ್ನೊಂದು ಪಿಕ್ಸೆಲ್ ಸಂಖ್ಯೆ. 34 ಇಂಚಿನಲ್ಲೇ ಎರಡು ಬಗೆ ಇವೆ. ಅಗ್ಗದ್ದರಲ್ಲಿ 2560×1080, ಇನ್ನೊಂದರಲ್ಲಿ 3440×1440. ಮೊದಲನೆಯದರಲ್ಲಿ ಒಂದು ಇಂಚಿಗೆ 82 ಪಿಕ್ಸೆಲ್ ಮಾತ್ರ. ಅಷ್ಟು ಕಡಿಮೆ ಇದ್ದರೆ ಅಕ್ಷರದ ಅಂಚು ಒರಟು, ಕಣ್ಣಿನ ರೆಪ್ಪೆ ಫೋಕಸ್‌ನಲ್ಲಿದೆಯೋ ಇಲ್ಲವೋ ಹೇಳುವುದು ಕಷ್ಟ. ಎರಡನೆಯದರಲ್ಲಿ ಇಂಚಿಗೆ 110. ಎರಡು ಅಡಿ ದೂರ ಕೂತು ಕೆಲಸ ಮಾಡುವವರಿಗೆ ಇದು ಹದವಾದ ಅಳತೆ. 2560×1080 ಬೇಕೆಂದರೆ 29 ಇಂಚಿನಲ್ಲಿ ಕೊಳ್ಳಬೇಕು, ಅಲ್ಲಿ ಅದು ಇಂಚಿಗೆ 96 ಆಗುತ್ತದೆ. ಎಲ್‌ಜಿಯ 29ಡಬ್ಲ್ಯುಕೆ600 ಈ ಜಾತಿಯದು. ಐಪಿಎಸ್ ಪ್ಯಾನೆಲ್, ಶೇ 99 ಎಸ್‌ಆರ್‌ಜಿಬಿ. ಅದೇ ಎಲ್‌ಜಿಯ 34ಡಬ್ಲ್ಯುಪಿ65ಸಿ 3440×1440 ಇದ್ದರೂ ವಿಎ ಪ್ಯಾನೆಲ್‌ನ ಬಾಗಿದ ಪರದೆ. ಬಾಗಿದ ಪರದೆಯ ಮೇಲೆ ಆಲ್ಬಂ ಶೀಟಿನ ನೇರ ಅಂಚುಗಳು ತುಸು ಬಿಲ್ಲಿನಂತೆ ಕಾಣುತ್ತವೆ. ವಿಡಿಯೊದವರಿಗೆ ಇದು ಅಡ್ಡಿಯಲ್ಲ, ಗೆರೆ ಹಿಡಿದು ಜೋಡಿಸುವ ವಿನ್ಯಾಸಕಾರರಿಗೆ ಕಿರಿಕಿರಿ.

ಲೆಕ್ಕ ಹಾಕಿ ನೋಡಿದರೆ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ. 12×36 ಶೀಟನ್ನು 27 ಇಂಚಿನ 2560×1440 ಮಾನಿಟರ್‌ನಲ್ಲಿ ಅಂಚಿನಿಂದ ಅಂಚಿಗೆ ಹರಡಿದರೆ ಅದು ಸುಮಾರು 850 ಸಾಲುಗಳಷ್ಟು ಎತ್ತರ ಆವರಿಸುತ್ತದೆ, ಉಳಿದ 590 ಸಾಲು ಮೇಲೆ ಕೆಳಗೆ ಖಾಲಿ. 34 ಇಂಚಿನ 3440×1440ರಲ್ಲಿ ಅದೇ ಶೀಟ್ ಸುಮಾರು 1,150 ಸಾಲು ತುಂಬುತ್ತದೆ. ಪರದೆಯ ಅಗಲ 31 ಇಂಚಿಗೂ ಹೆಚ್ಚಿರುವುದರಿಂದ ಶೀಟ್ ಅಚ್ಚಾದ ಮೇಲಿನ ಗಾತ್ರದ ಶೇ 87ರಷ್ಟು ದೊಡ್ಡದಾಗಿ ಎದುರಿಗೆ ನಿಲ್ಲುತ್ತದೆ. ಮುಖಗಳು ಚಿಕ್ಕವಾದವೇ, ಅಕ್ಷರ ದಪ್ಪವಾಯಿತೇ ಎಂದು ಪ್ರಿಂಟ್ ಬರುವ ಮೊದಲೇ ಕಣ್ಣಳತೆಯಲ್ಲಿ ತಿಳಿಯುತ್ತದೆ. ಆಲ್ಬಂ ವಿನ್ಯಾಸವೇ ದಿನದ ಮುಖ್ಯ ಕೆಲಸವಾಗಿರುವವರಿಗೆ ಐಪಿಎಸ್ ಅಲ್ಟ್ರಾವೈಡ್‌ನ ಹೆಚ್ಚುವರಿ ಬೆಲೆ ಸಾರ್ಥಕ.

ವಿಡಿಯೊದವರ ಲೆಕ್ಕ ಬೇರೆ. ಮದುವೆ ವಿಡಿಯೊದವರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಡಿಯಸ್ ಆಗಲಿ, ಪ್ರೀಮಿಯರ್ ಆಗಲಿ, ಉಚಿತ ಆವೃತ್ತಿಯಲ್ಲೂ ಸಿಗುವ ಡಾವಿಂಚಿ ರಿಸಾಲ್ವ್ ಆಗಲಿ, ಕೆಳಗೆ ಟೈಮ್‌ಲೈನ್, ಮೇಲೆ ಪ್ರಿವ್ಯೂ, ಪಕ್ಕಕ್ಕೆ ಕ್ಲಿಪ್‌ಗಳ ಪಟ್ಟಿ. ಮೂರು ಗಂಟೆಯ ಮದುವೆ ಶಾಸ್ತ್ರ, ನಾಲ್ಕು ಕ್ಯಾಮೆರಾ. ಟೈಮ್‌ಲೈನ್ ಅಗಲವಾದಷ್ಟೂ ಹಿಂದೆ ಮುಂದೆ ಎಳೆದಾಡುವುದು ತಪ್ಪುತ್ತದೆ. 3440×1440 ಪರದೆಯಲ್ಲಿ ಫುಲ್ ಎಚ್‌ಡಿ ವಿಡಿಯೊವನ್ನು ಒಂದು ಪಿಕ್ಸೆಲ್ಲೂ ಕುಗ್ಗಿಸದೆ ಇಟ್ಟುಕೊಂಡು ಪಕ್ಕದಲ್ಲಿ 1,520 ಪಿಕ್ಸೆಲ್‌ನಷ್ಟು ಜಾಗ ಉಳಿಯುತ್ತದೆ. 27 ಇಂಚಿನ 2560×1440ರಲ್ಲಿ ಪಕ್ಕಕ್ಕೆ ಉಳಿಯುವುದು 640. ಇದೂ ಸಾಲುತ್ತದೆ, ಆದರೆ ಟೈಮ್‌ಲೈನ್‌ಗೆ ಅಗಲ ಕಡಿಮೆ. 1920×1080ರ ಮಾನಿಟರ್‌ನಲ್ಲಿ ವಿಡಿಯೊವನ್ನು ಪೂರ್ತಿ ಗಾತ್ರದಲ್ಲಿ ನೋಡಬೇಕೆಂದರೆ ಬೇರೆಲ್ಲವನ್ನೂ ಮುಚ್ಚಬೇಕು.

ಈಗ ಮದುವೆಯ ಜೊತೆ ರೀಲ್ಸ್ ಕೂಡ ಕೇಳುತ್ತಾರೆ. ಉದ್ದುದ್ದದ 1080×1920. ಅಲ್ಟ್ರಾವೈಡ್ ಪರದೆ ಇದಕ್ಕೆ ತೀರ ಅನನುಕೂಲ, ನಟ್ಟನಡುವೆ ಒಂದು ಸೀಳು ಚಿತ್ರ, ಎರಡೂ ಕಡೆ ಬಯಲು. ಸ್ಟ್ಯಾಂಡ್‌ನಲ್ಲೇ ಲಂಬಕ್ಕೆ ತಿರುಗಿಸಬಹುದಾದ ಮಾನಿಟರ್ ಇದ್ದರೆ ರೀಲ್ಸ್ ಮಾಡುವವರಿಗೆ ಬಹಳ ಅನುಕೂಲ. ಮಾಡುವ ಕೆಲಸದಲ್ಲಿ ಆಲ್ಬಂ ಎಷ್ಟು, ಉದ್ದ ವಿಡಿಯೊ ಎಷ್ಟು, ರೀಲ್ಸ್ ಎಷ್ಟು ಎಂದು ಮೊದಲು ಲೆಕ್ಕ ಹಾಕಿದವರಿಗೆ ಆಕಾರದ ಗೊಂದಲ ಅರ್ಧ ತೀರಿದಂತೆ.

ಎಲ್ಲ ಬಗೆಯ ಕೆಲಸ ಒಂದೇ ಮೇಜಿನ ಮೇಲೆ ನಡೆಯುವ ಸಾಮಾನ್ಯ ಸ್ಟುಡಿಯೊಗೆ ಹೇಳಬೇಕಾದರೆ, 27 ಇಂಚು, 2560×1440, ಐಪಿಎಸ್, ಪೂರ್ತಿ ಎಸ್‌ಆರ್‌ಜಿಬಿ. ಹೆಚ್ಚು ಯೋಚಿಸದೆ ಆರಿಸಬಹುದಾದ ಜೋಡಣೆ ಇದು. 27 ಇಂಚಿನಲ್ಲೇ 1920×1080 ಇರುವುದು ಅಗ್ಗವಾಗಿ ಸಿಗುತ್ತದೆ, ಇಂಚಿಗೆ 82 ಪಿಕ್ಸೆಲ್‌ನದು, ಅದು ಬೇಡ. ಏಸಸ್ ಪ್ರೋಆರ್ಟ್ ಪಿಎ278ಕ್ಯುವಿ ಈ ಗುಂಪಿನ ಒಳ್ಳೆಯ ಉದಾಹರಣೆ. 2020ರಲ್ಲಿ ಬಂದ ಈ ಮಾನಿಟರ್ ಶೇ 100 ಎಸ್‌ಆರ್‌ಜಿಬಿ ತೋರಿಸುತ್ತದೆ, ಕಾರ್ಖಾನೆಯಲ್ಲೇ ಬಣ್ಣ ಹೊಂದಿಸಿ ಕಳಿಸುತ್ತಾರೆ, ಲಂಬಕ್ಕೂ ತಿರುಗುತ್ತದೆ. ಅದಕ್ಕಿಂತ ಕಡಿಮೆ ಬಜೆಟ್‌ನವರಿಗೆ ಅದೇ ಬಳಗದ ಪಿಎ248ಕ್ಯುವಿ ಇದೆ. 24 ಇಂಚು, 1920×1200. 16:10 ಆಕಾರದ್ದಾದ್ದರಿಂದ ಮಾಮೂಲಿ ಪರದೆಗಿಂತ 120 ಸಾಲು ಎತ್ತರ ಹೆಚ್ಚು, ಆ 120 ಸಾಲಿನಲ್ಲಿ ಟೈಮ್‌ಲೈನ್‌ನ ಇನ್ನೊಂದೆರಡು ಟ್ರ್ಯಾಕ್ ಕೂರುತ್ತದೆ.

ಇಂಥ ಮಾನಿಟರ್‌ಗಳ ಜಾಹೀರಾತಿನಲ್ಲಿ ‘ಡೆಲ್ಟಾ ಇ 2ಕ್ಕಿಂತ ಕಡಿಮೆ’ ಎಂದಿರುತ್ತದೆ. ತೋರಬೇಕಾದ ಬಣ್ಣಕ್ಕೂ ಪರದೆ ನಿಜಕ್ಕೂ ತೋರುವ ಬಣ್ಣಕ್ಕೂ ನಡುವಿನ ಅಂತರವೇ ಡೆಲ್ಟಾ ಇ. 2ರ ಒಳಗಿದ್ದರೆ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ಸುಲಭಕ್ಕೆ ಗೊತ್ತಾಗದು. ಹದಿನೈದು ಸಾವಿರದ ಮಾನಿಟರ್‌ನಲ್ಲಿ ಎಚ್‌ಡಿಆರ್ ಎಂಬ ಮಾತಿಗಿಂತ ಈ ಒಂದು ಅಂಕಿಗೆ ನೂರು ಪಾಲು ಬೆಲೆಯಿದೆ. ಬರೀ ‘ಎಚ್‌ಡಿಆರ್ 10’ ಎಂದರೆ ಮಾನಿಟರ್ ಆ ಸಿಗ್ನಲ್ ಸ್ವೀಕರಿಸುತ್ತದೆ ಎಂದಷ್ಟೇ ಅರ್ಥ. ವೆಸಾ ಸಂಸ್ಥೆ 2017ರ ಕೊನೆಗೆ ಹೊರಡಿಸಿದ ಡಿಸ್‌ಪ್ಲೇ ಎಚ್‌ಡಿಆರ್ ದರ್ಜೆಗಳಲ್ಲಿ ತೀರ ಕೆಳಗಿನ 400ಕ್ಕೆ, ಪರದೆಯ ಬೇರೆ ಬೇರೆ ಭಾಗದ ಬೆಳಕನ್ನು ಬೇರೆ ಬೇರೆಯಾಗಿ ತಗ್ಗಿಸುವ ಶಕ್ತಿ ಕಡ್ಡಾಯವಲ್ಲ. ಅಂಥ ಪರದೆಯಲ್ಲಿ ಎಚ್‌ಡಿಆರ್ ಗ್ರೇಡಿಂಗ್ ಮಾಡಲಾಗದು.

4ಕೆ ಬೇಕೇ? ಕ್ಯಾಮೆರಾಗಳೆಲ್ಲ 4ಕೆ ಆಗಿರುವುದರಿಂದ ಈ ಪ್ರಶ್ನೆ ಬಂದೇ ಬರುತ್ತದೆ. 3840×2160ರಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, 2560×1440ರಲ್ಲಿ ಸುಮಾರು 37 ಲಕ್ಷ. ಫೋಟೊ ರೀಟಚ್ ಮಾಡುವವರಿಗೆ ಆ ಸ್ಪಷ್ಟತೆ ದೊಡ್ಡ ಸಂತೋಷ. ಆದರೆ 27 ಇಂಚಿನ 4ಕೆ ಪರದೆಯಲ್ಲಿ ಅಕ್ಷರ ಓದಲು ವಿಂಡೋಸ್‌ನ ಸ್ಕೇಲಿಂಗನ್ನು ಶೇ 150ಕ್ಕೆ ಏರಿಸಲೇಬೇಕು. ಆಗ ಮೆನು, ಪಟ್ಟಿ, ಗುಂಡಿಗಳಿಗೆ ಸಿಗುವ ಜಾಗ 2560×1440ರಷ್ಟೇ. ಚಿತ್ರ ಮಾತ್ರ ಹೆಚ್ಚು ನುಣುಪು. ಜೊತೆಗೆ ಹಳೆಯ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ 1.4 ಪೋರ್ಟ್‌ಗೆ ಸಿಕ್ಕಿಸಿದರೆ 4ಕೆ ಸೆಕೆಂಡಿಗೆ 30 ಫ್ರೇಮ್ ಮೀರದು. ಮೌಸ್ ಬಾಣವೇ ಎಳೆದಂತೆ ಚಲಿಸುತ್ತದೆ. 60 ಬೇಕೆಂದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಇರಬೇಕು. ಹಣವಿದ್ದು ಕಂಪ್ಯೂಟರ್‌ಗೂ ತಾಕತ್ತಿದ್ದರೆ 4ಕೆ ಕೊಳ್ಳಲಿ, ಬಣ್ಣದ ಗುಣಮಟ್ಟ ಇಳಿಸಿಕೊಂಡು 4ಕೆ ಕೊಳ್ಳುವುದು ಮಾತ್ರ ಬೇಡ. ಅಗ್ಗಕ್ಕೆ ಸಿಗುತ್ತದೆಂದು 43 ಇಂಚಿನ 4ಕೆ ಟಿವಿಯನ್ನೇ ಮೇಜಿನ ಮೇಲಿಡುವವರೂ ಇದ್ದಾರೆ. ಟಿವಿ ತನಗೆ ಬಂದ ಚಿತ್ರವನ್ನು ಚೂಪುಗೊಳಿಸಿ, ಬಣ್ಣ ಏರಿಸಿ ತೋರಿಸುವಂತೆ ಹೊಂದಿಸಿದ ಯಂತ್ರ. ಗ್ರಾಹಕರಿಗೆ ವಿಡಿಯೊ ಹಾಕಿ ತೋರಿಸಲು ಅದು ಚೆನ್ನ, ಬಣ್ಣ ತೀರ್ಮಾನಿಸಲು ಅಲ್ಲ.

ಆಲ್ಬಂ ಕಪ್ಪಾಗಿ ಬರುವ ಕಾಯಿಲೆಗೆ ಮಾತ್ರ ಮಾನಿಟರ್ ಬದಲಿಸದೆಯೂ ಮದ್ದಿದೆ. ಹೊಸ ಮಾನಿಟರ್‌ಗಳು ಡಬ್ಬದಿಂದ ಹೊರಬರುವಾಗ 250ರಿಂದ 350 ನಿಟ್ಸ್‌ವರೆಗೆ ಬೆಳಗುತ್ತಿರುತ್ತವೆ. ಪ್ರಿಂಟ್‌ಗೆ ಎಡಿಟ್ ಮಾಡುವಾಗ ಬೇಕಾದದ್ದು 100ರಿಂದ 120 ನಿಟ್ಸ್. ಎರಡೂವರೆ ಪಟ್ಟು ಹೆಚ್ಚು ಬೆಳಕಿನಲ್ಲಿ ನೋಡಿದ ಮುಖ ‘ಸಾಕಷ್ಟು ಬೆಳ್ಳಗಿದೆ’ ಎನಿಸಿ ಫೈಲ್ ಹಾಗೇ ಲ್ಯಾಬ್‌ಗೆ ಹೋಗುತ್ತದೆ. ಕಾಗದಕ್ಕೆ ತನ್ನದೇ ಬೆಳಕಿಲ್ಲದ್ದರಿಂದ ಅದೇ ಮುಖ ಪ್ರಿಂಟ್‌ನಲ್ಲಿ ಒಂದೆರಡು ಹಂತ ಕಪ್ಪು. ಬ್ರೈಟ್‌ನೆಸ್ ಇಳಿಸಿದ ಮೊದಲ ದಿನ ಪರದೆ ಮಂಕು ಎನಿಸುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರದೆ, ಪರದೆಯ ಮೇಲೆ ಟ್ಯೂಬ್‌ಲೈಟ್ ನೇರ ಬೀಳದಂತೆ ಮೇಜು ತಿರುಗಿಸಿಕೊಂಡರೆ ಎರಡು ದಿನದಲ್ಲಿ ಕಣ್ಣು ಒಗ್ಗುತ್ತದೆ. ಸ್ಟುಡಿಯೊದ ಗೋಡೆಗೆ ಗಿಣಿ ಹಸಿರು, ಗುಲಾಬಿ ಬಳಿದಿದ್ದರೆ ಮಾನಿಟರ್ ಹಿಂದಿನ ಗೋಡೆಯಷ್ಟನ್ನಾದರೂ ಬೂದು ಬಣ್ಣಕ್ಕೆ ತರುವುದು ಒಳ್ಳೆಯದು. ಕಣ್ಣು ಬಿಳಿಯನ್ನು ಅಳೆಯುವುದು ಸುತ್ತಲಿನ ಬಣ್ಣಕ್ಕೆ ಹೋಲಿಸಿ.

ಕಾರ್ಖಾನೆಯಲ್ಲಿ ಹೊಂದಿಸಿದ ಬಣ್ಣವೂ ದಿನ ಕಳೆದಂತೆ ಸರಿಯುತ್ತದೆ. ಅಕ್ಕಸಾಲಿಗನ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವಂತೆ ಪರದೆಯನ್ನೂ ಆಗಾಗ ಅಳೆದು ಸರಿಪಡಿಸಬೇಕು. ಇದಕ್ಕೆ ಪರದೆಯ ಮೇಲೆ ಇಡುವ ಅಂಗೈಯಗಲದ ಕ್ಯಾಲಿಬ್ರೇಟರ್ ಬರುತ್ತದೆ. ಡೇಟಾಕಲರ್‌ನ ಸ್ಪೈಡರ್, ಕ್ಯಾಲಿಬ್ರೈಟ್‌ನ ಡಿಸ್‌ಪ್ಲೇ ಸರಣಿ ಹೆಚ್ಚು ಬಳಕೆಯಲ್ಲಿವೆ. ಜೊತೆಗೆ ಬಳಸಲು ಆರ್ಗಿಲ್ ಸಿಎಂಎಸ್ ಎಂಬ ಉಚಿತ ತಂತ್ರಾಂಶವೂ ಇದೆ. ಮಾನಿಟರನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಬಿಳಿಯನ್ನು 6500 ಕೆಲ್ವಿನ್‌ಗೆ, ಗಾಮಾ 2.2ಕ್ಕೆ, ಬೆಳಕನ್ನು 120ಕ್ಕೆ ಹೊಂದಿಸಿ ಪ್ರೊಫೈಲ್ ಮಾಡಿಕೊಳ್ಳುತ್ತಾರೆ. ಉಪಕರಣದ ಬೆಲೆ ಒಂದು ಸಣ್ಣ ಸ್ಟುಡಿಯೊಗೆ ಹೆಚ್ಚೇ. ಆದರೆ ತಿಂಗಳಿಗೊಮ್ಮೆ ಬಳಸುವ ಈ ವಸ್ತುವನ್ನು ಒಬ್ಬೊಬ್ಬರೂ ಕೊಳ್ಳಬೇಕಿಲ್ಲ. ರಾಜ್ಯದ ಎಷ್ಟೋ ತಾಲ್ಲೂಕು, ಜಿಲ್ಲೆಗಳಲ್ಲಿ ಛಾಯಾಗ್ರಾಹಕರ ಸಂಘಗಳಿವೆ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ಕಾರ್ಯಕ್ರಮ ಮಾಡುವ ಸಂಘಗಳು ಒಂದು ಕ್ಯಾಲಿಬ್ರೇಟರ್ ಕೊಂಡು ಸರದಿಯಲ್ಲಿ ಕೊಟ್ಟರೆ ಇಡೀ ಊರಿನ ಆಲ್ಬಂಗಳ ಬಣ್ಣ ಸುಧಾರಿಸುತ್ತದೆ.

ದುಡ್ಡು ಉಳಿಸುವ ಇನ್ನೊಂದು ದಾರಿ ಹಳೆಯ ಮಾನಿಟರನ್ನು ಬಿಸಾಡದಿರುವುದು. ಬಣ್ಣ ನೋಡಲು ಒಳ್ಳೆಯದೊಂದು ಎದುರಿಗೆ, ಕ್ಲಿಪ್ ಪಟ್ಟಿ, ಫೋಲ್ಡರ್, ಪ್ಯಾನೆಲ್‌ಗಳಿಗೆ ಹಳೆಯದು ಪಕ್ಕಕ್ಕೆ. ಒಂದು ದುಬಾರಿ ಅಲ್ಟ್ರಾವೈಡ್‌ನ ಅಗಲ ಅರ್ಧ ಬೆಲೆಗೆ ಸಿಕ್ಕಂತಾಯಿತು. ಎರಡರ ಬಣ್ಣ ಹೊಂದಬೇಕೆಂದು ಹಟ ಹಿಡಿಯಬಾರದು, ಫೋಟೊವನ್ನು ಹಳೆಯದರ ಮೇಲೆ ತಿದ್ದಬಾರದು, ಅಷ್ಟೇ.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್‌ನಲ್ಲಿ, ಐಟಿ ಕಂಪನಿಗಳು ಹೊರಹಾಕಿದ ಮಾನಿಟರ್‌ಗಳೂ ಸಿಗುತ್ತವೆ. ಪಕ್ಕದ ಪರದೆಗೆ ಇವು ಉತ್ತಮ ವ್ಯಾಪಾರ. ಮುಖ್ಯ ಪರದೆಗೆ ಕೊಳ್ಳುವುದಾದರೆ ಪೂರ್ತಿ ಬಿಳಿ ಚಿತ್ರ ಹಾಕಿಸಿ ಮೂಲೆಗಳು ಹಳದಿಗೆ ತಿರುಗಿವೆಯೇ ನೋಡಬೇಕು. ಹೊಸದು ಕೊಳ್ಳುವವರು ಜಿಎಸ್‌ಟಿ ಬಿಲ್ ಕೇಳಿ ಪಡೆಯುವುದು ವಾರಂಟಿಗೂ ಬೇಕು, ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೊಗೆ ಕಟ್ಟಿದ ತೆರಿಗೆಯ ಲೆಕ್ಕಕ್ಕೂ ಬೇಕು. 32 ಇಂಚಿನವರೆಗಿನ ಮಾನಿಟರ್‌ಗೆ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 28 ಎಂಬ ಭೇದ 2019ರಿಂದ ಇತ್ತು. 34 ಇಂಚಿನ ಅಲ್ಟ್ರಾವೈಡ್‌ಗಳ ಬೆಲೆಯನ್ನು ಇದೂ ಏರಿಸಿತ್ತು. 2025ರ ಸೆಪ್ಟೆಂಬರ್ 22ರಿಂದ ಎಲ್ಲಕ್ಕೂ ಶೇ 18 ಆಗಿದೆ. ಹಳೆಯ ದರಪಟ್ಟಿ ತೋರಿಸುವ ಅಂಗಡಿಯಲ್ಲಿ ಇದನ್ನು ಕೇಳಲು ಹಿಂಜರಿಯಬೇಕಿಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ತಮ್ಮದೇ ಮೂರ್ನಾಲ್ಕು ಫೋಟೊ, ಕೈಯಲ್ಲಿ ಅವೇ ಫೋಟೊಗಳ ಲ್ಯಾಬ್ ಪ್ರಿಂಟ್ ಇರಲಿ. ಒಂದರಲ್ಲಿ ಗಾಢ ಕೆಂಪಿನ ರೇಷ್ಮೆ ಸೀರೆ, ಇನ್ನೊಂದರಲ್ಲಿ ಕಪ್ಪು ಕೋಟು, ಮತ್ತೊಂದರಲ್ಲಿ ಬೇರೆ ಬೇರೆ ಮೈಬಣ್ಣದ ನಾಲ್ಕಾರು ಮುಖ. ಪ್ರದರ್ಶನಕ್ಕಿಟ್ಟ ಮಾನಿಟರ್ ಸಾಮಾನ್ಯವಾಗಿ ವಿವಿಡ್ ಮೋಡ್‌ನಲ್ಲಿ, ಬ್ರೈಟ್‌ನೆಸ್ ನೂರರಲ್ಲಿ ಇರುತ್ತದೆ. ಮೊದಲು ಅದನ್ನು ಎಸ್‌ಆರ್‌ಜಿಬಿ ಮೋಡ್‌ಗೆ ತಂದು, ಬ್ರೈಟ್‌ನೆಸ್ ಇಳಿಸಿ, ಪ್ರಿಂಟನ್ನು ಪಕ್ಕಕ್ಕೆ ಹಿಡಿದು ನೋಡಬೇಕು. ಸೀರೆಯ ಮಡಿಕೆಗಳು ಒಂದೇ ಕೆಂಪು ಮುದ್ದೆಯಾಗದೆ ಬೇರೆ ಬೇರೆ ಕಾಣಬೇಕು. ಕೋಟಿನ ಕಾಲರ್ ಎಲ್ಲಿ ಮುಗಿಯಿತು ಎಂದು ಗೊತ್ತಾಗಬೇಕು.

ಮನೆಗೆ ತಂದ ಮೇಲೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪರದೆ ತುಂಬ ಹಾಕಿ ಸತ್ತ ಪಿಕ್ಸೆಲ್ ಇದೆಯೇ ಎಂದು ಹುಡುಕುವುದನ್ನು ಅಂಗಡಿಯ ವಾಪಸಿ ಗಡುವಿನೊಳಗೆ ಮುಗಿಸಬೇಕು. ಒಂದೆರಡು ಸತ್ತ ಪಿಕ್ಸೆಲ್‌ಗೆ ವಾರಂಟಿಯಲ್ಲಿ ಬದಲಿ ಕೊಡದ ಕಂಪನಿಗಳೇ ಹೆಚ್ಚು. ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದು ಕಪ್ಪು ಬಣ್ಣ ಬೂದಿಯಂತೆ ಕಂಡರೆ ಮಾನಿಟರ್ ಕೆಟ್ಟಿದೆ ಎಂದು ಹಿಂದಿರುಗಿಸುವ ಮುನ್ನ ಗ್ರಾಫಿಕ್ಸ್ ಕಾರ್ಡ್‌ನ ಸೆಟ್ಟಿಂಗ್ ತೆರೆಯಬೇಕು. ಕೆಲವು ಸಲ ಕಂಪ್ಯೂಟರ್ ಆ ಮಾನಿಟರನ್ನು ಟಿವಿ ಎಂದು ತಿಳಿದು 0ಯಿಂದ 255ರ ಬದಲು 16ರಿಂದ 235ರವರೆಗಿನ ಸಿಗ್ನಲ್ ಮಾತ್ರ ಕಳಿಸುತ್ತಿರುತ್ತದೆ. ಔಟ್‌ಪುಟ್ ರೇಂಜನ್ನು ‘ಲಿಮಿಟೆಡ್’ನಿಂದ ‘ಫುಲ್’ಗೆ ಬದಲಿಸಿದ ಕೂಡಲೇ ಕಪ್ಪು ಕಪ್ಪಾಗುತ್ತದೆ. ಆಮೇಲೆ ಹಿಂದೆ ದೂರು ಬಂದಿದ್ದ ಶೀಟಿನ ಒಂದು ತುಂಡನ್ನು ಮತ್ತೆ ತಿದ್ದಿ, ಲ್ಯಾಬ್‌ಗೆ ಕಳಿಸಿ, 6×8 ಅಳತೆಯ ಒಂದು ಟೆಸ್ಟ್ ಪ್ರಿಂಟ್ ತರಿಸಿಕೊಂಡರೆ ಮುಂದಿನ ಆಲ್ಬಂ ಶುರುಮಾಡಬಹುದು.